ಕಲ್ಲಿನ ಮೇಲೆ ‘ರಾಯಾ ಅಸೋಕೋ’ ಅಂತ ಬರೆದವನು, ಮತ್ತು ನಮ್ಮ ಮ್ಯೂಸಿಯಂಗಳ ಹೆಸರಿನ ಚೀಟಿ

ಕಾಗಿಣಾ ಮಾಸ್ತರ

ಎಲ್ಲರಿಗೂ ಶರಣು. ಚಿತ್ತಾಪುರ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೋದ ತಿಂಗಳು ಎಂಟನೇ ಇಯತ್ತೆಯ ಮಕ್ಕಳನ್ನು ಭೀಮೆಯ ದಂಡೆಯ ಸನ್ನತಿಗೆ ಹತ್ತಿರದ ಕನಗನಹಳ್ಳಿ ಬೌದ್ಧ ಸ್ತೂಪಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಆದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋಗುವಾಗ ಅಶೋಕನ ಚಪ್ಪಡಿಯ ಫೋಟೊ ಒಂದನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋಗಿದ್ದೆ. ರಾಜ, ಪಕ್ಕದಲ್ಲಿ ರಾಣಿ, ಚಾಮರ ಮತ್ತು ಛತ್ರಿ ಹಿಡಿದ ಸೇವಕಿಯರು, ಜೊತೆಗೆ ಒಂದು ಸಾಲು ಬ್ರಾಹ್ಮಿ ಅಕ್ಷರ. ಅಶೋಕನ ಚಿತ್ರದ ಜೊತೆಗೇ ಅವನ ಹೆಸರೂ ಕೆತ್ತಿರುವುದು ನಮಗೆ ಸಿಕ್ಕಿದ್ದು ಇಲ್ಲಿ. ಮಕ್ಕಳಿಗೆ ಅಕ್ಷರದ ಮೇಲೆ ಬೆರಳಾಡಿಸಲು ಹೇಳಿದೆ. ಬ್ರಾಹ್ಮಿಯ ‘ಕ’ ಗಣಿತದ ಕೂಡಿಸುವ ಚಿಹ್ನೆಯ ಹಾಗೆ ಇರುತ್ತದೆ, ಅದನ್ನು ಮೊದಲು ಹುಡುಕಿದರು. ಆಮೇಲೆ ನಾನು ಓದಿ ಹೇಳಿದೆ: ‘ರಾಯಾ ಅಸೋಕೋ’. ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: “ಸರ್, ರಾಯಾ ಅಂದ್ರ ನಮ್ಮ ಭೀಮರಾಯ ಕಾಕಾನ ಹೆಸರಿನ್ಯಾಗಿನ ರಾಯೇನ್ರಿ?”

ಹೌದು, ಅದೇ ರಾಯ. ರಾಜ ಅನ್ನುವುದು ಪ್ರಾಕೃತದಲ್ಲಿ ರಾಯಾ ಆಗಿ ನಮ್ಮ ಬಾಯಿಗೆ ಬಂದು ನಿಂತ ಶಬ್ದ. ಭೀಮರಾಯ, ಮಲ್ಲರಾಯ, ಶರಣರಾಯ ಅಂತ ನಮ್ಮ ಭಾಗದಲ್ಲಿ ಊರಿಗೆ ಹತ್ತು ಮಂದಿ ಸಿಗುತ್ತಾರೆ. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಈ ಎರಡನ್ನು ನಾನು ಎಂದೂ ಜೋಡಿಸಿ ನೋಡಿರಲಿಲ್ಲ. ಆ ಹುಡುಗನಿಗೆ ಅಶೋಕ ಪಾಠದ ಪುಸ್ತಕದ ಪಾಟಲಿಪುತ್ರದಿಂದ ಎದ್ದು ಬಂದು ಕಾಕಾನ ಪಕ್ಕ ಕುಳಿತಂತಾಯಿತು.

ಇದನ್ನು ಯೋಚಿಸುತ್ತಾ ನನಗೆ ಹೊಳೆದದ್ದು ಇಷ್ಟು. ಆ ಶಿಲ್ಪ ಕೆತ್ತಿದವನ ಕಾಲಕ್ಕೆ ಅಶೋಕ ತೀರಿಹೋಗಿ ತಲೆಮಾರುಗಳೇ ಉರುಳಿದ್ದವು. ಮುಖ ನೋಡಿ ಗುರುತು ಹಿಡಿಯುವವರು ಯಾರೂ ಉಳಿದಿರಲಿಲ್ಲ. ಅದಕ್ಕೇ ಹೆಸರು ಬರೆದ. ಸ್ತೂಪ ಸುತ್ತುವ ಜನಕ್ಕೆ ‘ಇವನು ಇಂಥವನು’ ಎಂದು ತಿಳಿಯಲಿ ಅಂತ ಬರೆದ. ಮ್ಯೂಸಿಯಂನ ಚೀಟಿ ಮಾಡಬೇಕಾದ ಕೆಲಸವೂ ಅದೇ ಅಲ್ಲವೇ? ಆದರೆ ನಾನು ನೋಡಿದ ಎಷ್ಟೋ ಮ್ಯೂಸಿಯಂಗಳ ಚೀಟಿಯಲ್ಲಿ ಇರುವುದು ಮೂರೇ ಮಾತು: ಶಿಲ್ಪ, ಸುಣ್ಣದಕಲ್ಲು, ಇಂತಿಷ್ಟನೇ ಶತಮಾನ. ಯಾರ ಹೊಲದಲ್ಲಿ ಸಿಕ್ಕಿತು, ಅದರ ಮೇಲೆ ಬರೆದದ್ದರ ಅರ್ಥವೇನು, ನಮಗೂ ಅದಕ್ಕೂ ಏನು ಸಂಬಂಧ ಎಂಬ ಸುದ್ದಿಯೇ ಇರುವುದಿಲ್ಲ. ಮಕ್ಕಳು ಎರಡು ನಿಮಿಷದಲ್ಲಿ ಹೊರಗೆ ಬರುತ್ತಾರೆ.

ನನ್ನ ಪ್ರಶ್ನೆ: ನಮ್ಮ ಕಲ್ಲುಗಳ ಚೀಟಿಯ ಮೇಲೆ ಏನು ಬರೆಯಬೇಕು? ‘ಭಾರತದ ಪರಂಪರೆ’ ಅಂತಲೇ, ಕನ್ನಡ ನಾಡಿನದು ಅಂತಲೇ, ಬೌದ್ಧರದು ಅಂತಲೇ, ಸನ್ನತಿಯವರದು ಅಂತಲೇ? ನಿಮ್ಮ ಅಭಿಪ್ರಾಯ ಬೇಕು.


ಭೀಮಾದಂಡಿ

ಮಾಸ್ತರ, ಶರಣ್ರಿ. ನಮ್ದು ಸನ್ನತಿಗೆ ಹತ್ತಿದ ಊರು. 1986ರಾಗ ಚಂದ್ರಲಾಂಬಾ ಗುಡಿ ಆವರಣದಾಗಿನ ಕಾಳಿ ಗುಡಿ ಮಾಳಿಗಿ ಕುಸಿದು ಬಿತ್ತು. ಆಗ ನಾನಿನ್ನೂ ಸಾಲಿಗಿ ಹೋಗ್ತಿದ್ದಿಲ್ಲ, ಅಪ್ಪ ಹೇಳಿದ್ದು ಇದು. ಊರ ಮಂದಿ ಅತ್ತರಂತ. ದೇವಿ ಮೂರ್ತಿ ಭಿನ್ನ ಆದ್ರ ಊರಿಗಿ ಕೇಡು ಅಂತ ಹೆದರಿದ್ರು. ಕಲ್ಲು ಮಣ್ಣು ತೆಗೆದು ನೋಡಿದ್ರ ದೇವಿ ನಿಂತ ಪೀಠದ ಮ್ಯಾಲೇ ಅಕ್ಷರ. ಎರಡೂ ಮಗ್ಗಲಿಗಿ ಅಕ್ಷರ. ಅದು ಅಶೋಕನ ಶಾಸನ ಅಂತ ಆಮ್ಯಾಲೆ ಗೊತ್ತಾಯ್ತು. ಮೂರ್ತಿ ನಿಲ್ಲಿಸ್ಲಕ್ಕ ನಟ್ಟನಡುವೆ ತೂತು ಹೊಡೆದಿದ್ರು, ಅಲ್ಲಿನ ಅಕ್ಷರ ಹೋಗ್ಯಾವ.

ಈಗ ಓದಿದವರು ಬಂದು ‘ನೋಡ್ರಿ, ಹಳ್ಳಿ ಮಂದಿ ಶಾಸನ ಹಾಳು ಮಾಡ್ಯಾರ’ ಅಂತಾರ. ಈ ಮಾತು ಕೇಳಿದ್ರ ನನಗ ಭಾಳ ಬ್ಯಾಸರ ಆಗ್ತದ. ತೂತು ಹೊಡೆದವರು ಹೊಡೆದ್ರು, ಖರೆ. ಆದ್ರ ಅದೇ ಕಲ್ಲು ಬಯಲಾಗ ಬಿದ್ದಿದ್ರ ಯಾರೋ ಬಾವಿ ಕಟ್ಟಿಗಿ ಹಾಕ್ತಿದ್ರು, ಒಡೆದು ಸುಣ್ಣ ಸುಡ್ತಿದ್ರು. ದೇವಿ ಕಾಲ ಕೆಳಗ ಇತ್ತು ಅಂತ ಉಳೀತು. ಮುಟ್ಟೋಕಿಂತ ಮೊದಲು ಮಡಿ ಉಟ್ಟು ಬರೋ ಜಾಗ ಅದು. ಚೀಟಿ ಬರೀತೀರಿ ಅಂದ್ರ ಇದನ್ನೂ ಬರೀರಿ: ಈ ಕಲ್ಲು ಇಷ್ಟು ಕಾಲ ಕಾಳಿ ಕಾಯ್ದಳು, ಸನ್ನತಿ ಮಂದಿ ಕಾಯ್ದರು.


ಹಳೇ ದಫ್ತರ

ಮಾಸ್ತರರ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಒಂದು ಸಂಗತಿ ಹೇಳುತ್ತೇನೆ, ಯಾಕೆಂದರೆ ‘ಭಾರತದ ಪರಂಪರೆ’ ಎಂಬ ಚೀಟಿ ತಾನಾಗಿ ಅಂಟಿಕೊಂಡದ್ದಲ್ಲ. ಯಾರೋ ಕುಳಿತು ಆರಿಸಿ ಅಂಟಿಸಿದ್ದು.

1947-48ರ ಚಳಿಗಾಲದಲ್ಲಿ ಲಂಡನ್ನಿನ ಬರ್ಲಿಂಗ್ಟನ್ ಹೌಸ್‌ನಲ್ಲಿ ಭಾರತದ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ದೇಶದ ಮೂಲೆಮೂಲೆಯ ಮ್ಯೂಸಿಯಂಗಳಿಂದ ವಸ್ತುಗಳು ಹೋಗಿದ್ದವು. ವಾಪಸು ಬಂದಾಗ ಅವುಗಳನ್ನು ನೇರವಾಗಿ ಅವರವರ ಊರಿಗೆ ಕಳಿಸದೆ, ದಿಲ್ಲಿಯಲ್ಲಿ ಈಗಿನ ರಾಷ್ಟ್ರಪತಿ ಭವನದ ದರಬಾರು ಸಭಾಂಗಣಗಳಲ್ಲಿ ಪ್ರದರ್ಶನಕ್ಕಿಟ್ಟರು. ವೈಸರಾಯ್ ಕೂರುತ್ತಿದ್ದ ಕಟ್ಟಡದಲ್ಲಿ ಯಕ್ಷಿ, ಬುದ್ಧ, ನಟರಾಜ. ನೋಡಲು ಬಂದವರಿಗೆ ಬೇರೆ ಭಾಷಣ ಬೇಕಿರಲಿಲ್ಲ. ಅದೇ ಸಂಗ್ರಹದ ಮೇಲೆ 1949ರ ಆಗಸ್ಟ್ 15ರಂದು ರಾಷ್ಟ್ರೀಯ ವಸ್ತುಸಂಗ್ರಹಾಲಯ ಶುರುವಾಯಿತು, ರಾಜಾಜಿ ಉದ್ಘಾಟಿಸಿದರು. ಈಗಿನ ಕಟ್ಟಡಕ್ಕೆ 1955ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1960ರ ಡಿಸೆಂಬರಿನಲ್ಲಿ ತೆರೆಯಿತು. ಅಂದರೆ ಗಣರಾಜ್ಯ ಹುಟ್ಟುವ ಮೊದಲೇ ಅದರ ಮ್ಯೂಸಿಯಂ ಹುಟ್ಟಿತು. ಹೊಸ ದೇಶಕ್ಕೆ ‘ನಾನು ಹಳಬ’ ಎಂದು ಹೇಳಿಕೊಳ್ಳುವ ಅಗತ್ಯವಿತ್ತು. ಆ ಮಾತು ಹೇಳಲು ಕಲ್ಲಿಗಿಂತ ದೊಡ್ಡ ಸಾಕ್ಷಿ ಯಾವುದಿದೆ?

ಇದರ ಇನ್ನೊಂದು ಮುಖವೂ ಇದೆ. ದೇಶ ಎರಡಾದಾಗ ಮೊಹೆಂಜೊದಾರೊದ ವಸ್ತುಗಳನ್ನೂ ಪಾಲು ಮಾಡಿದರು. ನರ್ತಕಿಯ ಕಂಚಿನ ಬೊಂಬೆ ಭಾರತಕ್ಕೆ ಬಂತು, ಗಡ್ಡದ ‘ಪುರೋಹಿತ ರಾಜ’ ಕೊನೆಗೆ ಪಾಕಿಸ್ತಾನಕ್ಕೆ ಹೋದ. ಬಂಗಾರ ಮತ್ತು ಹಸಿರು ಮಣಿಗಳ ಒಂದು ಹಾರವಿತ್ತು. ಅದನ್ನು ಬಿಚ್ಚಿ ಮಣಿ ಎಣಿಸಿ ಅರ್ಧರ್ಧ ಹಂಚಿಕೊಂಡರು. ಅಣ್ಣ ತಮ್ಮ ಮನೆ ಪಾಲು ಮಾಡಿಕೊಳ್ಳುವಾಗಲೂ ತಾಯಿಯ ಸರ ಕಡಿಯುವುದಿಲ್ಲ. ನಾಲ್ಕೂವರೆ ಸಾವಿರ ವರ್ಷ ಹಿಂದಿನ ಆ ಹೆಂಗಸಿಗೆ ಭಾರತವೂ ಗೊತ್ತಿಲ್ಲ, ಪಾಕಿಸ್ತಾನವೂ ಗೊತ್ತಿಲ್ಲ. ಆದರೂ ಅವಳ ಕೊರಳ ಹಾರ ಎರಡೂ ದೇಶಗಳಿಗೆ ‘ನಮ್ಮದು’ ಆಗಬೇಕಿತ್ತು.

ಅಶೋಕನ ವಿಷಯಕ್ಕೆ ಬಂದರೆ, ಅವನ ಹೆಸರನ್ನು ದೇಶಕ್ಕೆ ಖಾತ್ರಿ ಮಾಡಿಕೊಟ್ಟದ್ದೂ ನಮ್ಮ ಭಾಗವೇ. 1837ರಲ್ಲಿ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಓದಿದಾಗ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ. ಆ ಬಿರುದಿನವನೇ ಅಶೋಕ ಎಂದು ಶಾಸನವೇ ಬಾಯಿಬಿಟ್ಟು ಹೇಳಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ. ಚಿನ್ನ ಹುಡುಕಲು ಬಂದಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿನ ಕಣ್ಣಿಗೆ ಬಿತ್ತು. ಹೆಸರು ಮಸ್ಕಿಯಲ್ಲಿ, ಹೆಸರಿರುವ ಚಿತ್ರ ಕನಗನಹಳ್ಳಿಯಲ್ಲಿ. ಎರಡೂ ಕಲ್ಯಾಣ ಕರ್ನಾಟಕದ ಮಣ್ಣಿನಲ್ಲೇ.


ವಾಡಿ ಜಂಕ್ಷನ್

ಎಲ್ಲರೂ ಭಾವುಕರಾಗಿ ಬರೆಯುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ವಾಡಿಯಲ್ಲಿ ಬೆಳೆದವನು. ಸನ್ನತಿಗೆ ನಮ್ಮೂರಿಂದ ಬಹಳ ದೂರವೇನಿಲ್ಲ. ಆದರೂ ಅಶೋಕನ ಶಾಸನ ಅಂತ ಮೊದಲು ಕಣ್ಣಾರೆ ನೋಡಿದ್ದು ಕೆಲಸಕ್ಕೆ ದಿಲ್ಲಿಗೆ ಹೋದಾಗ. ಅಲ್ಲಿನ ಮ್ಯೂಸಿಯಂನಲ್ಲಿ ದೊಡ್ಡ ಕೋಣೆ, ಒಳ್ಳೆ ಬೆಳಕು, ದೇಶವಿದೇಶದ ಜನ. ನನ್ನ ಪಕ್ಕ ನಿಂತಿದ್ದವರು ಎಲ್ಲೆಲ್ಲಿಂದಲೋ ಬಂದವರು, ಎಲ್ಲರೂ ಒಂದೇ ಕಲ್ಲು ನೋಡುತ್ತಿದ್ದೆವು. ಆ ಹೊತ್ತು ನನಗೆ ‘ನಾನು ಈ ದೇಶದವನು’ ಅನ್ನಿಸಿದ್ದು ನಿಜ. ಕಲಬುರಗಿಯಲ್ಲಿ ಇದ್ದಾಗ ಅಷ್ಟು ಅನ್ನಿಸಿರಲಿಲ್ಲ.

ನಮ್ಮ ಕಲ್ಲು ಅಲ್ಲಿದ್ದರೆ ಲಕ್ಷ ಜನ ನೋಡುತ್ತಾರೆ. ಇಲ್ಲಿದ್ದರೆ ಎಷ್ಟು ಜನ? ಬಿಸಿಲು, ಮಳೆ, ಭೀಮೆಯ ಪ್ರವಾಹ. ದೇಶದ ಗುರುತು ಅಂತ ಒಪ್ಪಿದ ಮೇಲೆ ದೇಶದ ಮನೆಯಲ್ಲಿ ಇರುವುದರಲ್ಲಿ ತಪ್ಪೇನು?


ಹಳೇ ದಫ್ತರ

ನಿಮ್ಮ ಅನುಭವ ನಿಜ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅಮರಾವತಿಯ ಕಥೆ ನೋಡಿ. ಕೃಷ್ಣಾ ದಂಡೆಯ ಆ ಸ್ತೂಪವೂ ಕನಗನಹಳ್ಳಿಯ ಹಾಗೆ ಸುಣ್ಣದಕಲ್ಲಿನದು. ಹದಿನೆಂಟನೇ ಶತಮಾನದ ಕೊನೆಗೆ ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ ನೋಡುವ ಹೊತ್ತಿಗೆ ಊರು ಕಟ್ಟಲು ಅದರ ಕಲ್ಲು ಕೀಳುತ್ತಿದ್ದರು. 1845ರಲ್ಲಿ ಇನ್ನೊಬ್ಬ ಅಧಿಕಾರಿ ವಾಲ್ಟರ್ ಎಲಿಯಟ್ ಅಗೆಸಿ ಚಪ್ಪಡಿಗಳನ್ನು ಮದರಾಸಿಗೆ ಸಾಗಿಸಿದ. ಅದರಲ್ಲಿ ನೂರಕ್ಕೂ ಹೆಚ್ಚು 1859ರಲ್ಲಿ ಲಂಡನ್ನಿಗೆ ಹಡಗು ಹತ್ತಿದವು. ಇವತ್ತು ಅಮರಾವತಿಯ ಶಿಲ್ಪ ನೋಡಬೇಕೆಂದರೆ ಚೆನ್ನೈಗೆ ಹೋಗಬೇಕು, ಬ್ರಿಟಿಷ್ ಮ್ಯೂಸಿಯಂಗೆ ಹೋಗಬೇಕು. ಅಮರಾವತಿಯಲ್ಲಿ ಉಳಿದಿರುವುದು ಬಹುಪಾಲು ದಿಬ್ಬ. ಸುರಕ್ಷತೆ ಅಂತ ಎತ್ತಿದ್ದು ಖರೆ, ಆದರೆ ಸ್ತೂಪ ಮಾತ್ರ ಮತ್ತೆ ಸ್ತೂಪವಾಗಲಿಲ್ಲ.

ಕನಗನಹಳ್ಳಿಯಲ್ಲಿ 1994ರಿಂದ ಉತ್ಖನನ ನಡೆದಾಗ ಕಲ್ಲುಗಳು ಅಲ್ಲೇ ಉಳಿದವು. ಇನ್ನೂರಕ್ಕೂ ಹೆಚ್ಚು ಬರಹಗಳು, ಸಿಮುಕ, ಸಾತಕರ್ಣಿ, ಪುಳುಮಾವಿ ಎಂಬ ಶಾತವಾಹನ ರಾಜರ ಹೆಸರು ಹೊತ್ತ ಚಪ್ಪಡಿಗಳು, ದಾನ ಕೊಟ್ಟವರ ಹೆಸರುಗಳು. ಪುರಾಣದ ಪಟ್ಟಿಯಲ್ಲಿ ಕೇಳಿದ್ದ ರಾಜರು ಇಲ್ಲಿ ಮುಖ ತೋರಿಸಿದರು. ಅಲ್ಲಿನ ಸ್ತೂಪಕ್ಕೆ ‘ಅಧೋಲೋಕ ಮಹಾಚೈತ್ಯ’ ಎಂಬ ಹೆಸರಿತ್ತೆಂದು ತಿಳಿದದ್ದೂ ಅಲ್ಲಿನ ಬರಹದಿಂದಲೇ. ಒಂದು ಚಪ್ಪಡಿ ದಿಲ್ಲಿಗೆ ಹೋದರೆ ಅದು ಒಂದು ಶಿಲ್ಪ. ಅಲ್ಲೇ ಇದ್ದರೆ ಒಂದು ವಾಕ್ಯದೊಳಗಿನ ಶಬ್ದ. ಸಿಕ್ಕ ಜಾಗದಲ್ಲೇ ಮ್ಯೂಸಿಯಂ ಮಾಡಬೇಕು ಎಂಬ ಆಲೋಚನೆ ಹೊಸದೂ ಅಲ್ಲ. ಪುರಾತತ್ತ್ವ ಇಲಾಖೆಯ ಮುಖ್ಯಸ್ಥ ಜಾನ್ ಮಾರ್ಷಲ್ ಕಾಲದಲ್ಲೇ, 1910ರಲ್ಲಿ, ಸಾರನಾಥದಲ್ಲಿ ಮಾಡಿದ್ದರು. ದೇಶದ ಲಾಂಛನವಾದ ಆ ನಾಲ್ಕು ಸಿಂಹಗಳು ಇಂದಿಗೂ ದಿಲ್ಲಿಯಲ್ಲಿಲ್ಲ, ಸಿಕ್ಕ ಊರಾದ ಸಾರನಾಥದಲ್ಲೇ ಇವೆ. ಅದರಿಂದ ಅವುಗಳ ರಾಷ್ಟ್ರೀಯತೆಗೆ ಕುಂದು ಬಂದಿದೆಯೇ?


ಫರಸಿ ಕೆಲಸದವ

ನಾನು ಓದಿದವ ಅಲ್ಲ. ಶಹಾಬಾದ್ ಕಡೆ ಮೂವತ್ತು ವರ್ಷ ಕಲ್ಲಿನ ಕೆಲಸ ಮಾಡೀನಿ. ಮಗ ಮೊಬೈಲ್‌ನಾಗ ಇದನ್ನ ಓದಿ ಹೇಳಿದ, ಅವನೇ ಬರಿಯಾಕತ್ತಾನ.

ಕಲ್ಲು ಎಲ್ಲಿರಬೇಕು ಅನ್ನೋದು ಆಮ್ಯಾಲೆ. ಹ್ಯಾಂಗ ಇರಬೇಕು ಅನ್ನೋದು ಮೊದಲು. ನಮ್ಮ ಕಡಿ ಸುಣ್ಣದಕಲ್ಲು ಪದರು ಪದರು ಕೂತಿರ್ತದ. ನೀರು ಕಾಲ ಕಾಲಕ್ಕ ಒಂದೊಂದು ಪದರು ಹಾಕಿ ಹೋಗಿದ್ದು. ಖಣಿಯಾಗ ಅದು ಮಲಗಿರ್ತದ. ನಾವು ಮನಿ ನೆಲಕ್ಕ ಹಾಸಿದಾಗೂ ಮಲಗೇ ಇರ್ತದ, ಅದಕ್ಕ ನೂರು ವರ್ಷ ಬಾಳ್ತದ. ಅದನ್ನೇ ಎತ್ತಿ ನಿಲ್ಲಿಸಿದ್ರ, ಮ್ಯಾಲಿಂದ ಮಳಿ ನೀರು ಪದರಿನ ಸಂದ್ಯಾಗ ಇಳೀತದ. ಬಿಸಿಲಿಗಿ ಹಿಗ್ಗತದ, ರಾತ್ರಿ ಕುಗ್ಗತದ. ಮೊದಲ ಸಣ್ಣ ಗೆರಿ ಕಾಣ್ತದ. ಉಗುರಿಲೇ ಬಡಿದ್ರ ಡಬ್ ಡಬ್ ಅಂತದ, ಒಳಗ ಪೊಳ್ಳ ಆಗಿರ್ತದ. ಒಂದಿನ ಮೂಗೂ ತುಟಿನೂ ಒಮ್ಮಿಗೇ ಚಕ್ಕಿ ಎದ್ದು ಬೀಳ್ತದ. ಅದನ್ನ ಹಚ್ಚಲಾಕ ಬರಂಗಿಲ್ಲ.

ಭಾಳ ಮಂದಿ ಇದಕ್ಕ ಸಿಮೆಂಟ್ ಹಾಕಿ ಮುಚ್ಚಿಬಿಡ್ರಿ ಅಂತಾರ. ಸಿಮೆಂಟ್ ಹಾಕಬ್ಯಾಡ್ರಿ. ಸಿಮೆಂಟ್ ಬಿರುಸು, ಅದರ ಉಪ್ಪು ಕಲ್ಲಿನೊಳಗ ಇಳೀತದ, ಬಗಲಿನ ಕಲ್ಲು ಪುಡಿ ಆಗ್ತದ. ಹಳೇ ಕಾಲದವರು ಸುಣ್ಣದ ಗಾರಿ ಯಾಕ ಹಾಕ್ತಿದ್ರು ಅಂದ್ರ ಅದು ಕಲ್ಲಿನ ಸಂಗಟ ಉಸಿರಾಡ್ತದ.

ವಾಡಿ ಅಣ್ಣಾರ ಅಂಜಿಕಿ ಖರೆ ಅದ. ಆದ್ರ ಅದಕ್ಕ ದಿಲ್ಲಿ ಬೇಕಾಗಿಲ್ಲ. ಮ್ಯಾಲ ಒಂದು ಒಳ್ಳೆ ಮಾಡು ಬೇಕು, ಕೆಳಗ ನೀರು ಹರಿದು ಹೋಗಲಾಕ ದಾರಿ ಬೇಕು, ದಿನಾ ಒಬ್ಬ ನೋಡಾವ ಬೇಕು. ಮುಟ್ಟಿ ನೋಡಿದ್ರ ಕಲ್ಲಿನ ಜಡ್ಡು ತಿಳಿಯೋ ಮಂದಿ ನಮ್ಮ ಊರಾಗ ಅದಾರ. ಅವರನ್ನ ಕೇಳ್ರಿ.


ಹಫ್ತ ಗುಂಬಜ್

ಫರಸಿ ಕೆಲಸದ ಅಣ್ಣನವರ ಮಾತು ಓದಿ ಕಣ್ಣು ತುಂಬಿತು. ಇಂಥವರ ಮಾತು ಯಾವ ಚೀಟಿಯ ಮೇಲೂ ಬರುವುದಿಲ್ಲ.

ನಾನು ಕಲಬುರಗಿ ಕೋಟೆಯ ಹತ್ತಿರ ಹುಟ್ಟಿ ಬೆಳೆದವಳು. ನಮ್ಮ ದಾದಿ ಮ್ಯೂಸಿಯಂಗೆ ‘ಅಜಾಯಬ್ ಘರ್’ ಅನ್ನುತ್ತಿದ್ದಳು, ಅಚ್ಚರಿಯ ಮನೆ. ಕಲಬುರಗಿಯ ಮ್ಯೂಸಿಯಂ ಇರುವುದು ಬಹಮನಿ ಕಾಲದ ಎರಡು ಗುಂಬಜ್‌ಗಳ ಒಳಗೆ. ಸನ್ನತಿಯ ಬೌದ್ಧ ಶಿಲ್ಪ, ಜೈನ ತೀರ್ಥಂಕರರು, ಶಿವ, ವಿಷ್ಣು, ಎಲ್ಲರೂ ಒಂದು ಸುಲ್ತಾನೀ ಗೋರಿಯ ನೆರಳಿನಲ್ಲಿ ಕುಳಿತಿದ್ದಾರೆ. ಚಿಕ್ಕವಳಿದ್ದಾಗ ನನಗೆ ಅದು ಸಹಜವೇ ಅನ್ನಿಸುತ್ತಿತ್ತು. ಬೇಸಿಗೆಯಲ್ಲಿ ಹೊರಗೆ ನಲವತ್ಮೂರು ಡಿಗ್ರಿ ಬಿಸಿಲು, ಒಳಗೆ ಕಾಲಿಟ್ಟರೆ ತಂಪು. ಅಷ್ಟು ದಪ್ಪ ಗೋಡೆ.

ದೊಡ್ಡವಳಾದ ಮೇಲೆ ಒಂದು ಗಮನಿಸಿದೆ. ಬಂದವರು ಮೂರ್ತಿ ನೋಡುತ್ತಾರೆ, ಚೀಟಿ ಓದುತ್ತಾರೆ, ಹೋಗುತ್ತಾರೆ. ತಲೆ ಎತ್ತಿ ಗುಂಬಜ್ ನೋಡುವವರು ಕಡಿಮೆ. ಆ ಕಟ್ಟಡವೂ ಒಂದು ಪ್ರದರ್ಶನ ವಸ್ತು, ಅದೂ ಈ ನೆಲದ್ದು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ‘ನಮ್ಮ ಪರಂಪರೆ’ ಎಂಬ ಮಾತು ಪೀಠದ ಮೇಲಿನ ಕಲ್ಲಿಗೆ ಬಂದು ನಿಲ್ಲುತ್ತದೆ, ಸೂರಿನವರೆಗೆ ಏರುವುದಿಲ್ಲ. ಚರಿತ್ರೆಯ ಬಗ್ಗೆ ಮಾತಾಡುವಾಗ ಕೆಲವರು ನನ್ನತ್ತ ನೋಡಿ ಒಂದು ಕ್ಷಣ ತಡೆದು ‘ನಿಮ್ಮ ಬಹಮನಿ’ ಅನ್ನುತ್ತಾರೆ. ಅದು ನೋವು ಕೊಡುತ್ತದೆ. 1347ರಲ್ಲಿ ದಿಲ್ಲಿಯ ತುಘಲಕ್ ಆಳ್ವಿಕೆಗೆ ತಿರುಗಿ ನಿಂತು ದಖನ್ನಿಗೆ ತನ್ನದೇ ರಾಜ್ಯ ಬೇಕು ಎಂದವರು ಅವರು, ಕಲಬುರಗಿಯನ್ನು ರಾಜಧಾನಿ ಮಾಡಿದವರು. 1367ರ ಜಾಮಾ ಮಸೀದಿ ನೋಡಿ, ತೆರೆದ ಅಂಗಳವೇ ಇಲ್ಲದೆ ಪೂರ್ತಿ ಸೂರು ಹಾಕಿದ ಮಸೀದಿ. ಅಂಥದ್ದು ನಮ್ಮ ದೇಶದಲ್ಲಿ ಬಲು ಅಪರೂಪ. ಅದು ನಿಂತಿರುವುದೂ ಈ ನೆಲದಲ್ಲೇ.

ಇನ್ನೊಂದು ಮಾತು. 1947ರ ಜುಲೈ 22ರಂದು ಸಂವಿಧಾನ ಸಭೆ ಅಶೋಕ ಚಕ್ರದ ಧ್ವಜ ಒಪ್ಪಿಕೊಂಡಿತು. ನಾವು ಆಗ ನಿಜಾಮರ ಕೈಯಲ್ಲಿದ್ದೆವು. ಆ ಧ್ವಜ ಏರಿಸಿದ್ದಕ್ಕೆ ಹೈದರಾಬಾದಿನಲ್ಲಿ ಸ್ವಾಮಿ ರಾಮಾನಂದ ತೀರ್ಥರನ್ನು ಬಂಧಿಸಿದರು, ನಮ್ಮ ಜಿಲ್ಲೆಗಳಲ್ಲೂ ಜನ ಜೈಲು ಕಂಡರು. 1948ರ ಸೆಪ್ಟೆಂಬರ್ 17ರವರೆಗೆ ನಾವು ಆ ಚಕ್ರದ ದೇಶದ ಹೊರಗೆ. ಆ ಚಕ್ರದ ಅಶೋಕ ಮಾತ್ರ ಎರಡು ಸಾವಿರ ವರ್ಷದಿಂದ ನಮ್ಮ ಭೀಮೆಯ ದಂಡೆಯಲ್ಲಿ ಮಣ್ಣಿನೊಳಗೆ, ಕಾಳಿಯ ಪಾದದಡಿ. ಜನರು ಜೈಲಿಗೆ ಹೋಗುತ್ತಿದ್ದಾಗ ಅವನು ಇಲ್ಲೇ ಇದ್ದ, ಯಾರಿಗೂ ಗೊತ್ತಿರಲಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ನಿಜಾಮರ ಕಾಲವನ್ನು ಪೂರ್ತಿ ಕತ್ತಲೆ ಅನ್ನಲೂ ನನಗೆ ಮನಸ್ಸಿಲ್ಲ. 1914ರಲ್ಲಿ ಹೈದರಾಬಾದಿನ ಪುರಾತತ್ತ್ವ ಇಲಾಖೆ ಹುಟ್ಟಿತು. ಗುಲಾಂ ಯಜ್ದಾನಿ ಅದನ್ನು ಕಟ್ಟಿದರು, ಬೀದರಿನ ಸ್ಮಾರಕಗಳನ್ನು ಒಂದೊಂದಾಗಿ ಅಳೆದು ಬರೆದರು. ಆ ಇಲಾಖೆ ಹೊರತಂದ ಮೊದಲ ಪ್ರಕಟಣೆಯೇ ಮಸ್ಕಿಯ ಅಶೋಕ ಶಾಸನ. ಮುಸ್ಲಿಂ ದೊರೆಯ ಇಲಾಖೆಯ ಮೊದಲ ಹೊತ್ತಿಗೆ ಬೌದ್ಧ ಚಕ್ರವರ್ತಿಯದು, ಅದನ್ನು ಓದಿ ಸಂಪಾದಿಸಿದವರು ಎಚ್. ಕೃಷ್ಣಶಾಸ್ತ್ರಿ. ನಮ್ಮ ನೆಲದ ಗುರುತು ಹೀಗೇ ಕಟ್ಟಿಕೊಂಡು ಬಂದಿದೆ.


ಭೀಮಾದಂಡಿ

ಹಫ್ತ ಗುಂಬಜ್ ಅಕ್ಕಾ, ನೀವು ‘ನಿಮ್ಮ ಬಹಮನಿ’ ಅನ್ನೋರ ಮಾತು ಮನಸಿಗಿ ಹಚ್ಚಿಕೋಬ್ಯಾಡ್ರಿ. ನಮ್ಮ ಮಂದಿ ಬಂದಾ ನವಾಜ್ ಉರುಸಿಗಿ ಬರ್ತಾರ, ನಿಮ್ಮ ಮಂದಿ ಶರಣಬಸಪ್ಪನ ತೇರಿಗಿ ಬರ್ತಾರ. ಚೀಟಿ ಬರಿಯೋರಿಗಿ ಇದು ಗೊತ್ತಿರಬೇಕು.


ಹುಣಸಗಿ ಹುಡುಗಿ

ಯಾದಗಿರಿ ಜಿಲ್ಲೆಯಿಂದ ಒಂದು ಮಾತು. ನೀವೆಲ್ಲ ಎರಡು ಸಾವಿರ ವರ್ಷದ ಲೆಕ್ಕದಲ್ಲಿ ಮಾತಾಡುತ್ತಿದ್ದೀರಿ. ನಮ್ಮ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸಿಕ್ಕ ಕೈಗೊಡಲಿಗಳ ಕಾಲ ಸುಮಾರು 12 ಲಕ್ಷ ವರ್ಷ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ವರ್ಷಗಟ್ಟಲೆ ನಮ್ಮ ಹಳ್ಳಗಳನ್ನು ನಡೆದು ನಡೆದು ಹುಡುಕಿದ್ದು. ಅಲ್ಲಿ ಆದಿಮಾನವರು ಸುಣ್ಣದಕಲ್ಲಿನ ಹಾಸುಗಳನ್ನು ಎಬ್ಬಿಸಿ, ಗಟ್ಟಿ ಗುಂಡುಕಲ್ಲಿನಿಂದ ಬಡಿದು ಆಯುಧ ಮಾಡುತ್ತಿದ್ದರು. ಖಣಿಯೂ ಅದೇ, ಕಾರ್ಖಾನೆಯೂ ಅದೇ.

ಫರಸಿ ಕೆಲಸದ ಕಾಕಾ, ನಿಮ್ಮ ಕಸುಬಿಗೆ 12 ಲಕ್ಷ ವರ್ಷ ಆಯಿತು.

ಆ ಕಲ್ಲು ಬಡಿದವರು ನಮ್ಮ ಹಾಗಿನ ಮನುಷ್ಯರೂ ಅಲ್ಲ, ನಮಗಿಂತ ಹಿಂದಿನ ಕುಲ. ಕನ್ನಡ ಇರಲಿಲ್ಲ, ಯಾವ ಧರ್ಮವೂ ಇರಲಿಲ್ಲ, ದೇಶದ ಗಡಿ ಇರಲಿಲ್ಲ. ಅವರ ಕೈಗೊಡಲಿಯ ಚೀಟಿಯ ಮೇಲೆ ‘ಭಾರತದ ಪರಂಪರೆ’ ಅಂತ ಬರೆದರೆ ನನಗೆ ಹೆಮ್ಮೆ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಚೀಟಿಯಲ್ಲಿ ‘ಇದು ಮನುಷ್ಯ ಕುಲದ್ದು’ ಅಂತಲೂ ಇರಬೇಕು. ರಾಜನಕೋಳೂರಿನ ಕಲ್ಲುಮನೆ ಸಮಾಧಿಗಳನ್ನು ನಮ್ಮಜ್ಜಿ ಮೋರ್ಯರ ಮನೆ ಅನ್ನುತ್ತಿದ್ದಳು. ಮೋರ್ಯರು ಅಂದರೆ ಕುಳ್ಳ ಜನ, ಅವರು ಕಟ್ಟಿಕೊಂಡ ಮನೆ ಅಂತ ಕಥೆ. ಅದು ಅಜ್ಜಿ ಬರೆದ ಚೀಟಿ. ತಪ್ಪಿರಬಹುದು, ಆದರೆ ‘ನಮಗಿಂತ ಮುಂಚೆ ಇಲ್ಲಿ ಬೇರೆಯವರು ಬಾಳಿದ್ದರು’ ಎಂಬ ಗೌರವ ಅದರಲ್ಲಿತ್ತು.


ಬಿದ್ರಿ ಮಣ್ಣು

ಬೀದರಿನಿಂದ. ನಮ್ಮ ಮನೆಯಲ್ಲಿ ಮೂರು ತಲೆಮಾರು ಬಿದ್ರಿ ಕೆಲಸ. ಕೋಟೆಯೊಳಗೆ ಹಳೇ ಶಾಹಿ ಹಮಾಮಿನಲ್ಲಿ, ಅಂದರೆ ರಾಜರ ಸ್ನಾನದ ಮನೆಯಲ್ಲಿ, ಮ್ಯೂಸಿಯಂ ಇದೆ, ನಾನು ಕೋಟೆಗೆ ಹೋಗುವುದು ಹೆಚ್ಚಾಗಿ ಮಣ್ಣಿಗೆ. ಸತು ಮತ್ತು ತಾಮ್ರದ ಎರಕ, ಅದರಲ್ಲಿ ಕೊರೆದು ಬೆಳ್ಳಿ ತಂತಿ ಕೂರಿಸುತ್ತೇವೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿನೀರಲ್ಲಿ ಅದ್ದಿದರೆ ಎರಕವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಯಾವ ಮಣ್ಣು ನಡೆಯುತ್ತದೆ ಅಂತ ನಾಲಿಗೆಯ ಮೇಲಿಟ್ಟು ನೋಡುತ್ತೇವೆ. ಮಳೆ ಬಿಸಿಲು ತಾಗದ ಜಾಗದ ಮಣ್ಣೇ ಬೇಕು.

2006ರಲ್ಲಿ ಬಿದ್ರಿಗೆ ಜಿಐ ಎಂಬ ಭೌಗೋಳಿಕ ಗುರುತು ಸಿಕ್ಕಿತು. ಗಾಜಿನ ಪೆಟ್ಟಿಗೆಯಲ್ಲಿರುವ ಹುಕ್ಕಾದ ಚೀಟಿಯಲ್ಲಿ ಶತಮಾನ ಬರೆದಿರುತ್ತದೆ. ಈ ಕೆಲಸ ಇವತ್ತಿಗೂ ಹತ್ತಿರದ ಓಣಿಯಲ್ಲಿ ನಡೆದಿದೆ ಅಂತ ಒಂದು ಸಾಲು ಸೇರಿಸಿದರೆ ನೋಡಿದವರು ನಮ್ಮ ಮನೆಗೂ ಬರುತ್ತಾರೆ. ಹಳೆಯದಾದದ್ದು ಮಾತ್ರ ದೇಶದ ಗುರುತು ಅಂತಾದರೆ ಬದುಕಿರುವ ನಮ್ಮನ್ನು ಯಾರು ಕೇಳುತ್ತಾರೆ?


ವಾಡಿ ಜಂಕ್ಷನ್

ನಾನು ಬರೆದದ್ದನ್ನು ಪೂರ್ತಿ ಹಿಂದೆಗೆದುಕೊಳ್ಳುವುದಿಲ್ಲ. ದಿಲ್ಲಿಯ ಆ ಕೋಣೆಯಲ್ಲಿ ಅಪರಿಚಿತರ ಜೊತೆ ನಿಂತು ನೋಡಿದ ಅನುಭವ ದೊಡ್ಡದು, ಪ್ರತಿ ಮಗುವಿಗೂ ಅದು ಸಿಗಬೇಕು. ಆದರೆ ಸಾರನಾಥದ ಸಿಂಹದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಫರಸಿ ಕೆಲಸದವರು ಹೇಳಿದ ‘ಡಬ್ ಡಬ್’ ಶಬ್ದ ಓದಿದ ಮೇಲೆ ಬೇರೆ ತರಹ ಯೋಚಿಸುತ್ತಿದ್ದೇನೆ. ಮುಂದಿನ ಸಲ ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಕನಗನಹಳ್ಳಿಗೆ ಹೋಗುತ್ತೇನೆ. ಇಷ್ಟು ವರ್ಷ ಹೋಗದೇ ಇದ್ದದ್ದು ನನ್ನದೇ ತಪ್ಪು.


ನಾಗಾವಿ ನೆರಳು

ಚಿಕ್ಕದೊಂದು ಸೇರ್ಪಡೆ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 1058ರ ಶಾಸನವಿದೆ, ಚಾಲುಕ್ಯ ಒಂದನೇ ಸೋಮೇಶ್ವರನ ಕಾಲದ್ದು. ಅಲ್ಲಿನ ಘಟಿಕಾಸ್ಥಾನದಲ್ಲಿ, ಅಂದರೆ ಆ ಕಾಲದ ವಿದ್ಯಾಕೇಂದ್ರದಲ್ಲಿ, ವೇದ ಓದುವ ಇನ್ನೂರು ಮಂದಿ ವಿದ್ಯಾರ್ಥಿಗಳು, ಶಾಸ್ತ್ರ ಓದುವವರು ಬೇರೆ. ಅವರ ಜೊತೆಗೆ ಆರು ಮಂದಿ ‘ಸರಸ್ವತಿ ಭಂಡಾರಿಗರು’, ಅಂದರೆ ಗ್ರಂಥ ಕಾಯುವವರು. ಗುರುಗಳಿಗೆ ಭೂಮಿ ಕೊಟ್ಟ ಹಾಗೆ ಗ್ರಂಥ ಕಾಯುವವರಿಗೂ ಭೂಮಿ ಕೊಟ್ಟರು. ಕಾಯುವ ಕೆಲಸ ಕಲಿಸುವ ಕೆಲಸಕ್ಕಿಂತ ಕೀಳಲ್ಲ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಸನ್ನತಿಯ ಮಹತ್ವವನ್ನು 1954ರಲ್ಲೇ ಹೊರಜಗತ್ತಿಗೆ ತಿಳಿಸಿದ ಕಪಟರಾಳ ಕೃಷ್ಣರಾಯರನ್ನು ನಾನು ಆ ಸಾಲಿನಲ್ಲೇ ಇಡುತ್ತೇನೆ. ನೋಡಿ ಮಾಸ್ತರ, ಅವರ ಹೆಸರಿನಲ್ಲೂ ರಾಯ.


ಕಾಗಿಣಾ ಮಾಸ್ತರ

ಎಲ್ಲರಿಗೂ ಶರಣು ಶರಣಾರ್ಥಿ. ಇಷ್ಟು ಬರುತ್ತದೆ ಅಂತ ಎಣಿಸಿರಲಿಲ್ಲ. ನಿಮ್ಮ ಮಾತುಗಳನ್ನೆಲ್ಲ ಮಕ್ಕಳಿಗೆ ಓದಿ ಹೇಳಿದೆ. ಆಮೇಲೆ ಆ ಫೋಟೊವನ್ನು ಕರಿಹಲಗೆಗೆ ಅಂಟಿಸಿ, ‘ಇದರ ಚೀಟಿ ನೀವು ಬರೆಯಿರಿ’ ಅಂದೆ. ಒಂದು ತಾಸು ಕೊಟ್ಟೆ.

ಒಬ್ಬಳು ಬರೆದಳು: “ಇವನು ಅಶೋಕ ರಾಯ. ಇವನು ನಮ್ಮ ಊರಿಗೆ ಬಂದಿದ್ದನೋ ಗೊತ್ತಿಲ್ಲ. ಇವನ ಮಾತು ಬಂದಿತ್ತು.” ಸನ್ನತಿಯ ಶಾಸನದಲ್ಲಿ ಹನ್ನೆರಡನೆಯ ಬಂಡೆ ಶಾಸನವೂ ಇದೆ ಅಂತ ಹೇಳಿಕೊಟ್ಟಿದ್ದೆ. ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರ ಪಂಥವನ್ನು ತೆಗಳಬೇಡಿ ಎಂದು ಅಶೋಕ ಹೇಳುವುದು ಅದರಲ್ಲೇ. ಇನ್ನೊಬ್ಬ ಅದನ್ನು ಹಿಡಿದುಕೊಂಡು ಬರೆದ: “ಇವನು ಎಲ್ಲಾರ ದೇವರಿಗೂ ಮರ್ಯಾದಿ ಕೊಡ್ರಿ ಅಂದ. ಆಮೇಲೆ ಇವನ ಕಲ್ಲಿನ ಮೇಲೆ ಕಾಳಿ ನಿಂತಳು.” ಭೀಮರಾಯ ಕಾಕಾನ ಹುಡುಗ ಹೆಚ್ಚೇನೂ ಬರೆಯಲಿಲ್ಲ. ಮೇಲೆ ಬ್ರಾಹ್ಮಿಯಲ್ಲಿ ‘ರಾಯಾ ಅಸೋಕೋ’ ಅಂತ ನೋಡಿ ಬರೆದ, ಅದರ ಕೆಳಗೆ ಕನ್ನಡದಲ್ಲಿ, ಅದರ ಕೆಳಗೆ ಪಕ್ಕದ ಹುಡುಗನ ಕಡೆಯಿಂದ ಉರ್ದುವಿನಲ್ಲಿ ಬರೆಸಿದ. ಕೊನೆಯ ಸಾಲು: “ಕೆತ್ತಿದವರು: ತಮ್ಮ ಹೆಸರು ಬರೆದುಕೊಂಡಿಲ್ಲ.”

ಎಲ್ಲ ಚೀಟಿಗಳನ್ನು ಶಾಲೆಯ ಪಡಸಾಲೆಯ ಗೋಡೆಗೆ ಹಚ್ಚಿದ್ದೇವೆ. ಮುಖ್ಯ ಗುರುಗಳು ಒಂದು ಮೂಲೆ ಬಿಟ್ಟುಕೊಟ್ಟಿದ್ದಾರೆ. ಮಕ್ಕಳು ಮನೆಯಿಂದ ಹಳೇ ಸೇರು, ಪಾವು, ನಿಜಾಮರ ಕಾಲದ ಒಂದು ರೂಪಾಯಿ, ಬೀಸುವ ಕಲ್ಲು ತರುತ್ತಿದ್ದಾರೆ. ನೆಲದಲ್ಲಿ ಹಳೇ ನಿಧಿ ಏನಾದರೂ ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಸರಕಾರಕ್ಕೆ ತಿಳಿಸಬೇಕು, 1878ರಿಂದ ಆ ಕಾನೂನು ಇದೆ ಅಂತಲೂ ಹೇಳಿದ್ದೇನೆ. ಪ್ರತಿ ವಸ್ತುವಿಗೆ ತಂದವರೇ ಚೀಟಿ ಬರೆಯಬೇಕು. ಯಾರು ಬಳಸಿದರು, ಯಾರು ಕೊಟ್ಟರು, ಈಗ ಯಾಕೆ ಬಳಸುವುದಿಲ್ಲ.

ಫರಸಿ ಕೆಲಸದ ಅಣ್ಣಾರೆ, ನಿಮ್ಮಲ್ಲಿ ಒಂದು ಬೇಡಿಕೆ. ಒಂದು ಚಪ್ಪಡಿ ಕಲ್ಲಿನ ಮೇಲೆ ಮಕ್ಕಳ ಎದುರಿಗೇ ‘ರಾಯಾ ಅಸೋಕೋ’ ಅಂತ ಕೆತ್ತಿ ತೋರಿಸುತ್ತೀರಾ? ಅಕ್ಷರ ನಾನು ಬರೆದು ಕೊಡುತ್ತೇನೆ.


ಫರಸಿ ಕೆಲಸದವ

ಬರ್ತೀನ್ರಿ ಮಾಸ್ತರ. ಸೋಮವಾರ ಬ್ಯಾರೆ ಕೆಲಸ ಅದ, ಮಂಗಳವಾರ ಬರ್ತೀನಿ. ಎರಡು ಫೂಟಿನ ಚಪ್ಪಡಿ ಸಾಕಾಗ್ತದ, ಪೊಳ್ಳ ಇಲ್ಲದ್ದು ನಾನೇ ಬಡಿದು ನೋಡಿ ತರ್ತೀನಿ. ಹುಡುಗರಿಗಿ ಸಣ್ಣ ಚಾಣ ನಾಕು ಹೆಚ್ಚಿಗಿ ತಂದಿರ್ತೀನಿ, ಕಣ್ಣಿಗಿ ಚಕ್ಕಿ ಹಾರತದ, ಕಣ್ಣಡಕ ನೀವು ನೋಡ್ಕೋರಿ. ಕೆಳಗ ನನ್ನ ಹೆಸರು ಬ್ಯಾಡ. ಹುಡುಗರು ಬ್ಯಾಕಾದ್ರ ತಮ್ಮ ಹೆಸರು ಹೊಡಕೊಳ್ಳಲಿ.